ಕಲ್ಲು ಕಂಡರೆ ಸಾಕು, ಚಿತ್ರ ಚೆಂದ ಇರಬೇಕಿಲ್ಲ

ನನ್ನ ಅಂಗಿಯ ಜೇಬಿಗೆ ಸಿಕ್ಕಿಸಿದ ಟಿಎಲ್‌ಡಿ ಬ್ಯಾಡ್ಜ್ ಮೂರು ತಿಂಗಳಿಗೊಮ್ಮೆ ಪರೀಕ್ಷೆಗೆ ಹೋಗುತ್ತದೆ. ನನ್ನ ಮೈಗೆ ಎಷ್ಟು ರೇಡಿಯೇಶನ್ ತಗುಲಿದೆ ಅನ್ನುವ ಲೆಕ್ಕ ವಾಪಸ್ ಬರುತ್ತದೆ. ನಾನು ಸಿಟಿ ಸ್ಕ್ಯಾನ್ ಟೆಕ್ನಿಷಿಯನ್, ಸೀಸದ ಗಾಜಿನ ಹಿಂದೆ ಕೂತು ಕೆಲಸ ಮಾಡುವವನು. ನನ್ನಂಥವರಿಗೆ ಎಇಆರ್‌ಬಿ, ಅಂದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಗೆರೆ ಹಾಕಿಟ್ಟಿದೆ. ಐದು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲುವ ರೇಡಿಯೇಶನ್ನಿನ ಅಳತೆ), ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ಗಾಜಿನ ಆಚೆ ಟೇಬಲ್ ಮೇಲೆ ಮಲಗಿ ನೇರವಾಗಿ ಕಿರಣ ತಗೊಳ್ಳುವವರಿಗೆ ಬ್ಯಾಡ್ಜೂ ಇಲ್ಲ, ಮಿತಿಯೂ ಇಲ್ಲ. ಮಿತಿ ಇಡುವುದು ಸರಿಯೂ ಅಲ್ಲ, ಜೀವ ಉಳಿಸುವ ಸ್ಕ್ಯಾನನ್ನು ಲೆಕ್ಕ ಮುಗಿಯಿತು ಅಂತ ನಿಲ್ಲಿಸೋಕೆ ಆಗುತ್ತಾ? ಕಾಯಿಲೆ ಗೊತ್ತಾಗಲು ಎಷ್ಟು ಬೇಕೋ ಅಷ್ಟು ಕೊಡಿ, ಜಾಸ್ತಿ ಕೊಡಬೇಡಿ ಅನ್ನುವುದೇ ನಿಯಮ. ಆದರೆ ಆ ಅಷ್ಟು ಅಂದರೆ ಎಷ್ಟು ಅಂತ ಕೂತು ನೋಡುವವರು ಬೇಕಲ್ಲ.

ರಾಯಚೂರು ಸೀಮೆಯ ಒಂದು ಊರಿನಲ್ಲಿ ನಮ್ಮ ಸೆಂಟರ್. 16 ಸ್ಲೈಸ್ ಯಂತ್ರ. ಬೇಸಿಗೆಯಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆವರು ಹೋಗುತ್ತದೆ, ನೀರು ಕುಡಿಯುವುದು ಕಡಿಮೆ, ಮೂತ್ರ ಗಟ್ಟಿ. ಏಪ್ರಿಲ್, ಮೇ ತಿಂಗಳಲ್ಲಿ ಕಿಡ್ನಿ ಕಲ್ಲಿನ ನೋವಿಗೆ ಸೊಂಟ ಹಿಡಿದುಕೊಂಡು ಬರುವವರ ಸಾಲೇ ಸಾಲು. ಚೀಟಿಯಲ್ಲಿ ಬರೆದಿರುವುದು ಒಂದೇ: ಪ್ಲೇನ್ ಸಿಟಿ ಕೆಯುಬಿ. ಕಿಡ್ನಿ, ಯುರೇಟರ್ (ಮೂತ್ರನಾಳ), ಬ್ಲ್ಯಾಡರ್ (ಮೂತ್ರಕೋಶ).

ಪ್ರತಿ ಸ್ಕ್ಯಾನ್ ಮುಗಿದ ಮೇಲೆ ಎಷ್ಟು ಕಿರಣ ಕೊಟ್ಟೆ ಅಂತ ಯಂತ್ರ ತಾನೇ ಒಂದು ಡೋಸ್ ಪುಟ ಬರೆದಿಡುತ್ತದೆ. ಚಿತ್ರಗಳ ಕೊನೆಯಲ್ಲಿ ಅದು ಸುಮ್ನೆ ಕೂತಿರುತ್ತದೆ, ಫಿಲ್ಮ್‌ಗೂ ಹಾಕುವುದಿಲ್ಲ. ಅದರಲ್ಲಿ ಎರಡು ಸಂಖ್ಯೆ ಮುಖ್ಯ. ಒಂದು ಸಿಟಿಡಿಐ, ಕಿರಣ ಎಷ್ಟು ಜೋರಾಗಿ ಬಿತ್ತು ಅನ್ನುವುದು. ಇನ್ನೊಂದು ಡಿಎಲ್‌ಪಿ, ಆ ಜೋರನ್ನು ಸ್ಕ್ಯಾನ್ ಮಾಡಿದ ಉದ್ದದಿಂದ ಗುಣಿಸಿದ್ದು. ಹೊಟ್ಟೆಯ ಸ್ಕ್ಯಾನಾದರೆ ಡಿಎಲ್‌ಪಿಯನ್ನು 0.015ರಿಂದ ಗುಣಿಸಿದರೆ ಅಂದಾಜು ಮಿಲಿಸೀವರ್ಟ್ ಸಿಗುತ್ತದೆ. ನಮ್ಮಲ್ಲಿ ಸಾಧಾರಣ ಮೈಕಟ್ಟಿನ ಗಂಡಸಿಗೆ ಸಿಟಿಡಿಐ 14ರ ಆಸುಪಾಸು, ಉದ್ದ 48 ಸೆಂಟಿಮೀಟರ್, ಡಿಎಲ್‌ಪಿ 670ರ ಹತ್ತಿರ ಬರುತ್ತಿತ್ತು. ಅಂದರೆ 10 ಮಿಲಿಸೀವರ್ಟ್. ಭೂಮಿ, ಗಾಳಿ, ಆಕಾಶದಿಂದ ಜಗತ್ತಿನ ಮನುಷ್ಯರಿಗೆ ಸರಾಸರಿ ವರ್ಷಕ್ಕೆ ಸಿಗುವುದು 2.4. ನಾಲ್ಕು ವರ್ಷದ್ದನ್ನು ಕೆಲವೇ ಸೆಕೆಂಡಿನಲ್ಲಿ ಕೊಡುತ್ತಿದ್ದೆವು. ಬ್ರಿಟನ್‌ನಲ್ಲಿ ಕಿಡ್ನಿ ಕಲ್ಲಿನ ಸಿಟಿಗೆ ಅಂತಲೇ ಪ್ರಕಟಿಸಿದ್ದ ರೆಫರೆನ್ಸ್ ಮಟ್ಟ ಸಿಟಿಡಿಐ 10, ಡಿಎಲ್‌ಪಿ 460. ಅದು ಗುರಿಯಲ್ಲ, ಇದನ್ನು ಮೀರಿದರೆ ಯಾಕೆ ಅಂತ ನೋಡಿಕೊಳ್ಳಿ ಅನ್ನುವ ಗೆರೆ. ಅಮೆರಿಕದ ಯುರಾಲಜಿ ಸಂಘ 2013ರಲ್ಲಿ, ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 30ರ ಒಳಗಿನವರಿಗೆ ಕಲ್ಲು ಹುಡುಕಲು 4 ಮಿಲಿಸೀವರ್ಟ್‌ಗಿಂತ ಕಡಿಮೆಯ ಸಿಟಿ ಸಾಕು ಎಂದಿತ್ತು. ನಮ್ಮದು ಅದರ ಎರಡೂವರೆ ಪಟ್ಟು.

ಈ ಸಂಖ್ಯೆಗಳನ್ನು ಹಾಳೆಯ ಮೇಲೆ ಬರೆದು ನಮ್ಮ ರೇಡಿಯಾಲಜಿಸ್ಟ್ ಮೇಡಂ ಮುಂದೆ ಇಟ್ಟೆ. ಅವರು ಕನ್ನಡಕ ಮೇಲೆತ್ತಿ ನೋಡಿದರು. "ಯಂತ್ರ ಕೂರಿಸುವಾಗ ಕಂಪನಿಯವರು ಹಾಕಿಕೊಟ್ಟ ಸೆಟ್ಟಿಂಗೇ ಅಲ್ವಾ ಇದು?" ಎಂದರು. ಹೌದು. ಹೊಟ್ಟೆಗೆ ಒಂದು ಪ್ರೊಟೊಕಾಲ್, ಅದನ್ನೇ ಕಾಪಿ ಮಾಡಿ ಕೆಯುಬಿ ಅಂತ ಹೆಸರಿಟ್ಟಿದ್ದರು. ಲಿವರ್‌ನಲ್ಲಿರುವ ಸಣ್ಣ ಗಡ್ಡೆ ಹುಡುಕಲು ಬೇಕಾದಷ್ಟೇ ಡೋಸ್ ಕಲ್ಲು ಹುಡುಕಲೂ ಹೋಗುತ್ತಿತ್ತು.

ಅಲ್ಲೇ ಇರುವುದು ವಿಷಯ. ಸಿಟಿ ಚಿತ್ರದಲ್ಲಿ ಯಾವುದು ಎಷ್ಟು ಬೆಳ್ಳಗೆ ಕಾಣುತ್ತದೆ ಅನ್ನುವುದಕ್ಕೆ ಅಂಕ ಇದೆ, ನೀರಿಗೆ ಸೊನ್ನೆ. ಕಿಡ್ನಿ, ಲಿವರ್, ಮಾಂಸ ಎಲ್ಲ 30-60ರ ಸುತ್ತ ಓಡಾಡುತ್ತವೆ. ಲಿವರ್ ಒಳಗಿನ ಗಡ್ಡೆಗೂ ಲಿವರ್‌ಗೂ ಹತ್ತಿಪ್ಪತ್ತು ಅಂಕದ ವ್ಯತ್ಯಾಸ ಇದ್ದರೆ ಹೆಚ್ಚು. ಅಲ್ಲಿ ಚಿತ್ರ ನುಣುಪಾಗಿಯೇ ಇರಬೇಕು. ಕಲ್ಲಿನ ಕಥೆ ಬೇರೆ. ಯೂರಿಕ್ ಆಸಿಡ್ ಕಲ್ಲೂ 200ರ ಮೇಲಿರುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲು ಸಾವಿರ ದಾಟುವುದೂ ಇದೆ. ಮಂಜು ಕವಿದಿದ್ದರೂ ಎದುರು ಬರುವ ಲಾರಿಯ ಹೆಡ್‌ಲೈಟ್ ಕಾಣುತ್ತದಲ್ಲ, ಹಾಗೆ ಚಿತ್ರ ಎಷ್ಟು ಕಾಳು ಕಾಳಾಗಿದ್ದರೂ ಕಲ್ಲು ಬೆಳ್ಳಗೆ ಎದ್ದು ಕಾಣುತ್ತದೆ.

ಮೇಡಂ ಒಪ್ಪಿದರು, ಆದರೆ ಪೂರ್ತಿ ಅಲ್ಲ. "ಒಂದೇ ಸಲಕ್ಕೆ ಇಳಿಸಬೇಡಿ. ಮೊದಲು ಚಿತ್ರ ಕೆಡದ ಹಾಗೆ ಡೋಸ್ ಎಲ್ಲಿ ಉಳಿಸಬಹುದು ನೋಡಿ," ಎಂದರು.

ಅಂಥ ಜಾಗ ಇದ್ದೇ ಇತ್ತು. ಉದ್ದ. ನಾವು ಹುಡುಗರೆಲ್ಲ ಅಭ್ಯಾಸಬಲದಿಂದ ಲಿವರ್‌ನ ನೆತ್ತಿಯಿಂದ ಶುರು ಮಾಡಿ ತೊಡೆಯ ಸಂದಿನ ತನಕ ಎಳೆಯುತ್ತಿದ್ದೆವು. ಕಲ್ಲಿಗೆ ಬೇಕಿರುವುದು ಕಿಡ್ನಿಯ ಮೇಲ್ತುದಿಯಿಂದ ಬ್ಲ್ಯಾಡರ್‌ನ ತಳದ ತನಕ. ಅಳತೆಗೆ ಅಂತ ಮೊದಲು ತೆಗೆಯುವ ಸ್ಕೌಟ್ ಚಿತ್ರದಲ್ಲಿ ಕಿಡ್ನಿಯ ನೆರಳು ಎಷ್ಟೋ ಸಲ ಮಸುಕಾಗಿಯಾದರೂ ಕಾಣುತ್ತದೆ, ಕಾಣದಿದ್ದರೆ ಬೆನ್ನುಮೂಳೆ ಎಣಿಸಿ ಗೆರೆ ಇಡಬಹುದು. ಗಾಬರಿ ಏನಂದರೆ, ಉಸಿರು ಎಳೆದಾಗ ಕಿಡ್ನಿ ಕೆಳಗಿಳಿಯುತ್ತದೆ, ಬಿಟ್ಟಾಗ ಮೇಲೇರುತ್ತದೆ. ಸ್ಕೌಟ್‌ಗೆ ಒಂದು ಥರ, ಸ್ಕ್ಯಾನ್‌ಗೆ ಇನ್ನೊಂದು ಥರ ಉಸಿರು ಹಿಡಿದರೆ ಮೇಲ್ತುದಿ ತಪ್ಪಿಹೋಗುತ್ತದೆ. ಆಗ ಮತ್ತೆ ಸ್ಕ್ಯಾನ್. ಉಳಿಸಿದ್ದೆಲ್ಲ ನೀರುಪಾಲು. ಅದಕ್ಕೇ ಈಗ ಎರಡಕ್ಕೂ ಒಂದೇ ರೀತಿ ಉಸಿರು ಹಿಡಿಯುವುದನ್ನು ಮೊದಲೇ ಅಭ್ಯಾಸ ಮಾಡಿಸುತ್ತೇವೆ. ನೋವಿನಲ್ಲಿ ಒದ್ದಾಡುವವರಿಗೆ ಇದನ್ನು ಹೇಳಿಕೊಡುವುದು ಸುಲಭವಲ್ಲ. "ಉಸಿರು ಹಿಡೀರಿ ಅಂದ್ರ ಜೀವಾನ ಹಿಡಿದಂಗ ಆಗ್ತದ್ರಿ ಸರ," ಎಂದರು ಒಬ್ಬರು. ನೋವಿನ ಇಂಜೆಕ್ಷನ್ ಹಿಡಿಯುವ ತನಕ ಕಾದು ಆಮೇಲೆ ಟೇಬಲ್ ಹತ್ತಿಸುವುದು ಒಳ್ಳೆಯದು. 48 ಸೆಂಟಿಮೀಟರ್ 40ಕ್ಕೆ ಇಳಿಯಿತು. ಆರರಲ್ಲಿ ಒಂದು ಪಾಲು ಡೋಸ್ ಹೋಯಿತು, ಚಿತ್ರಕ್ಕೆ ಒಂದು ಕೂದಲೂ ಕೊಂಕಲಿಲ್ಲ.

ಎರಡನೆಯದು ಟೇಬಲ್‌ನ ಎತ್ತರ. ಇದು ಹೊರಗಿನವರಿಗೆ ವಿಚಿತ್ರ ಅನಿಸಬಹುದು. ಸ್ಕೌಟ್ ತೆಗೆಯುವಾಗ ನಮ್ಮಲ್ಲಿ ಕಿರಣ ಬಿಡುವ ಟ್ಯೂಬ್ ಮೇಲಿರುತ್ತದೆ. ಮಲಗಿದವರು ಯಂತ್ರದ ಬಳೆಯ ನಡು ಮಧ್ಯಕ್ಕಿಂತ ಮೇಲಿದ್ದರೆ ಟ್ಯೂಬಿಗೆ ಹತ್ತಿರ ಆಗುತ್ತಾರೆ, ನೆರಳು ದೊಡ್ಡದಾಗಿ ಬೀಳುತ್ತದೆ. ಯಂತ್ರ ಆ ನೆರಳು ನೋಡಿ, ಇವರು ದಪ್ಪ ಇದ್ದಾರೆ ಅಂದುಕೊಂಡು ಕರೆಂಟ್ ಏರಿಸುತ್ತದೆ. ಸಣಕಲು ಮನುಷ್ಯನಿಗೂ ದಪ್ಪಗಿರುವವರ ಡೋಸ್! ಪಕ್ಕದ ಲೇಸರ್ ಗೆರೆ ಹೊಟ್ಟೆಯ ನಡುಭಾಗಕ್ಕೆ ಬರುವಂತೆ ಟೇಬಲ್ ಇಳಿಸುವುದಕ್ಕೆ ಅರ್ಧ ನಿಮಿಷ ಸಾಕು. ಕೈ ಎರಡೂ ತಲೆಯ ಮೇಲಕ್ಕೆ ಎತ್ತಿಸಬೇಕು ಅನ್ನುವುದೂ ಇದೇ ಕಾರಣಕ್ಕೆ. ಕೈ ಪಕ್ಕದಲ್ಲಿದ್ದರೆ ಅದರ ಮೂಳೆಯನ್ನೂ ದಾಟಬೇಕಲ್ಲ ಅಂತ ಯಂತ್ರ ಇನ್ನಷ್ಟು ಸುರಿಯುತ್ತದೆ, ಚಿತ್ರದಲ್ಲಿ ಅಡ್ಡ ಗೆರೆಗಳೂ ಬರುತ್ತವೆ.

ಆಮೇಲೆ ಬಂತು ನಿಜವಾದ ಕೆಲಸ. ನಮ್ಮ ಯಂತ್ರದಲ್ಲಿ ನಾಯ್ಸ್ ಇಂಡೆಕ್ಸ್ ಅಂತ ಒಂದು ಸಂಖ್ಯೆ ಇದೆ. ಚಿತ್ರ ಎಷ್ಟು ಕಾಳು ಕಾಳಾಗಿದ್ದರೆ ನಡೆಯುತ್ತದೆ ಅಂತ ನಾವು ಹೇಳುತ್ತೇವೆ, ಅದಕ್ಕೆ ತಕ್ಕ ಹಾಗೆ ಯಂತ್ರ ಕರೆಂಟ್ ಕೊಡುತ್ತದೆ. ಡೋಸ್ ಅರ್ಧ ಮಾಡಿದರೆ ನಾಯ್ಸ್ ಎರಡು ಪಟ್ಟು ಆಗುವುದಿಲ್ಲ, ಒಂದಕ್ಕೆ 1.4 ಆಗುತ್ತದೆ ಅಷ್ಟೇ. ವರ್ಗಮೂಲದ ಲೆಕ್ಕ. ಈ ಲೆಕ್ಕ ನಮ್ಮ ಪರವಾಗಿದೆ. ನಾಯ್ಸ್ ಒಂದೂವರೆ ಪಟ್ಟು ಒಪ್ಪಿಕೊಂಡರೆ ಡೋಸ್ ಅರ್ಧಕ್ಕಿಂತ ಕೆಳಗೆ ಬರುತ್ತದೆ.

ನಮ್ಮಲ್ಲಿ ಇದ್ದದ್ದು 12. ಮೊದಲು 15 ಮಾಡಿದೆವು. ಮೇಡಂ ನೋಡಿ, "ಪರವಾಗಿಲ್ಲ" ಎಂದರು. 18ಕ್ಕೆ ಹೋದಾಗ ಸ್ವಲ್ಪ ಮುಖ ಸಿಂಡರಿಸಿದರು. ಕಲ್ಲು ಕಾಣುತ್ತಿರಲಿಲ್ಲ ಅಂತಲ್ಲ, ಕಾಣುತ್ತಿತ್ತು. ಆದರೆ ಅಷ್ಟು ವರ್ಷ ನುಣುಪು ಚಿತ್ರ ನೋಡಿದ ಕಣ್ಣಿಗೆ ಕಾಳು ಕಾಳು ಚಿತ್ರ ಕೆಟ್ಟ ಚಿತ್ರವಾಗಿಯೇ ಕಾಣುತ್ತದೆ. ಇದರಲ್ಲಿ ಅವರದು ತಪ್ಪೇನಿಲ್ಲ. ರಿಪೋರ್ಟಿನ ಕೆಳಗೆ ಸಹಿ ಅವರದು. ನಾಳೆ ಏನಾದರೂ ಬಿಟ್ಟುಹೋದರೆ ಕೇಳುವುದು ಅವರನ್ನೇ, ನನ್ನನ್ನಲ್ಲ.

ಹಾಗಾದರೆ 20ಕ್ಕೆ ಹೋದರೂ ಕಲ್ಲು ತಪ್ಪಿಹೋಗುವುದಿಲ್ಲ ಅಂತ ಹೇಗೆ ನಂಬಿಸುವುದು? ಒಬ್ಬರನ್ನೇ ಎರಡು ಸಲ ಸ್ಕ್ಯಾನ್ ಮಾಡಿ ಹೋಲಿಸೋಣ ಅನ್ನುವಂತಿಲ್ಲ, ಡೋಸ್ ಇಳಿಸುವ ಹೆಸರಲ್ಲಿ ಡೋಸ್ ಏರಿಸಿದಂತೆ. ದಾರಿ ತೋರಿಸಿದ್ದು ಮೇಡಮ್ಮೇ. ಕಲ್ಲು ಯುರೇಟರ್ ಬ್ಲ್ಯಾಡರಿಗೆ ಸೇರುವ ಬಾಯಲ್ಲಿ ಸಿಕ್ಕಿದೆಯೋ ಅಥವಾ ಆಗಲೇ ಬ್ಲ್ಯಾಡರಿಗೆ ಬಿದ್ದಿದೆಯೋ ಅನ್ನುವುದು ಕೆಲವರಲ್ಲಿ ಗೊತ್ತಾಗುವುದಿಲ್ಲ. ಅಂಥವರನ್ನು ಬೋರಲು ಮಲಗಿಸಿ ಕಿಬ್ಬೊಟ್ಟೆಯ ಭಾಗ ಮಾತ್ರ ಇನ್ನೊಮ್ಮೆ ತೆಗೆಯುತ್ತೇವೆ. ಬಿದ್ದ ಕಲ್ಲಾದರೆ ಉರುಳಿ ಮುಂದಕ್ಕೆ ಬರುತ್ತದೆ, ಸಿಕ್ಕಿಕೊಂಡದ್ದಾದರೆ ಅಲ್ಲೇ ಇರುತ್ತದೆ. ಈ ಎರಡನೇ ಸ್ಕ್ಯಾನ್ ಹೇಗೂ ಬೇಕಾದದ್ದೇ. ಅದನ್ನು ಮಾತ್ರ ಕಡಿಮೆ ಡೋಸಿನಲ್ಲಿ ತೆಗೆಯುತ್ತಾ ಹೋದೆವು. ಒಂದೇ ಕಲ್ಲು, ಒಂದೇ ಮನುಷ್ಯ, ಎರಡು ಡೋಸು. ಪಕ್ಕ ಪಕ್ಕ ಇಟ್ಟು ನೋಡಲು ಅದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಕಿಬ್ಬೊಟ್ಟೆಯಲ್ಲಿ ಸೊಂಟದ ಮೂಳೆ ಸುತ್ತ ಇರುವುದರಿಂದ ನಾಯ್ಸ್ ಅಲ್ಲೇ ಜಾಸ್ತಿ. ಅಲ್ಲೇ ಕಂಡರೆ ಮೇಲೆ ಕಂಡೇ ಕಾಣುತ್ತದೆ. ಮೂರು ಮಿಲಿಮೀಟರ್ ಕಲ್ಲುಗಳೂ ಕಂಡವು. ಕೆಲವು ತಿಂಗಳು ಹೀಗೆ ನೋಡಿದ ಮೇಲೆ ಮೇಡಂ ತಾವೇ 20 ಅಂತ ಬರೆದುಕೊಟ್ಟರು. ಸಿಟಿಡಿಐ 14ರಿಂದ 5ಕ್ಕೆ ಬಂತು. 40 ಸೆಂಟಿಮೀಟರ್ ಲೆಕ್ಕಕ್ಕೆ ಡಿಎಲ್‌ಪಿ 200. ಮೂರು ಮಿಲಿಸೀವರ್ಟ್.

ಹೇಳುವುದಕ್ಕೆ ಸರಾಗ. ನಡುವೆ ಎರಡು ಕಡೆ ಸಿಕ್ಕಿಕೊಂಡಿದ್ದೆವು. ನಾಯ್ಸ್ ಇಂಡೆಕ್ಸ್ ಏರಿಸಿದರೂ ತೆಳ್ಳಗಿನವರ ಡೋಸ್ ಇಳಿಯುತ್ತಲೇ ಇರಲಿಲ್ಲ. ಹುಡುಕಿದರೆ, ಪ್ರೊಟೊಕಾಲ್ ಒಳಗೆ ಕನಿಷ್ಠ ಎಂಎ, ಅಂದರೆ ಕರೆಂಟ್ ಇದಕ್ಕಿಂತ ಇಳಿಯಬಾರದು ಅಂತ ಒಂದು ಖಾನೆ. ಅದನ್ನು ಯಾರೋ ಎತ್ತರದಲ್ಲಿ ಇಟ್ಟುಬಿಟ್ಟಿದ್ದರು. ಯಂತ್ರ ಇಳಿಸಬೇಕೆಂದರೂ ಅದರ ಕೆಳಗೆ ಹೋಗುವಂತಿರಲಿಲ್ಲ. ಇನ್ನೊಂದು ಸ್ಲೈಸ್ ದಪ್ಪ. ನಾಯ್ಸ್ ಇಂಡೆಕ್ಸಿನ ಲೆಕ್ಕ ಡೇಟಾದಿಂದ ಚಿತ್ರ ಕಟ್ಟುವ ಮೊದಲ ರೀಕನ್‌ಸ್ಟ್ರಕ್ಷನ್‌ನ ದಪ್ಪಕ್ಕೆ ಅಂಟಿಕೊಂಡಿರುತ್ತದೆ. ಸಣ್ಣ ಕಲ್ಲು ಕಾಣಲಿ ಅಂತ ಅಲ್ಲೇ 1.25 ಮಿಲಿಮೀಟರ್ ಹಾಕಿದರೆ ಯಂತ್ರ ಕರೆಂಟ್ ಎತ್ತಿಬಿಡುತ್ತದೆ. ಮೊದಲನೆಯದನ್ನು 5 ಮಿಲಿಮೀಟರಿನಲ್ಲೇ ಬಿಟ್ಟು, ಅದೇ ಡೇಟಾದಿಂದ ಎರಡನೆಯದಾಗಿ 2.5ರ ಸ್ಲೈಸ್ ಮಾಡಿಕೊಳ್ಳಬೇಕು. ಓದುವುದು ಅದರಲ್ಲಿ, ಜೊತೆಗೆ ಮುಂದಿನಿಂದ ನೋಡಿದಂಥ ಕೊರೊನಲ್ ಚಿತ್ರ. ಐದರಲ್ಲೇ ಓದಿದರೆ ಚಿಕ್ಕ ಕಲ್ಲು ಎರಡು ಸ್ಲೈಸಿನ ಮಧ್ಯೆ ಮಸುಕಾಗಿಬಿಡುತ್ತದೆ. ಈಗಿನ ದೊಡ್ಡ ಯಂತ್ರಗಳಲ್ಲಿ ಐಟರೇಟಿವ್ ರೀಕನ್‌ಸ್ಟ್ರಕ್ಷನ್, ಎಐ ಅಂತ ಏನೇನೋ ಬಂದಿವೆ, ನಾಯ್ಸನ್ನು ಅವೇ ಒರೆಸಿ ಕೊಡುತ್ತವೆ. ಅವುಗಳಲ್ಲಿ ಒಂದು ಮಿಲಿಸೀವರ್ಟಿನ ಆಸುಪಾಸಿಗೂ ಇಳಿಯುವವರಿದ್ದಾರೆ. ನಮ್ಮ ಹಳೆಯ ಯಂತ್ರದಲ್ಲಿ ಅದೇನೂ ಇಲ್ಲ.

ದಪ್ಪ ಮೈಯವರ ವಿಷಯದಲ್ಲಿ ಮಾತ್ರ ಆಟ ನಡೆಯಲಿಲ್ಲ. ಕಿರಣ ಆಚೆ ದಾಟುವುದೇ ಕಷ್ಟ, ಸೊಂಟದ ಮಟ್ಟದಲ್ಲಿ ಚಿತ್ರದ ತುಂಬ ಗೀಚು ಗೀಚು. ಅವರಿಗೆ ಬೇರೆ ಪ್ರೊಟೊಕಾಲ್ ಇಟ್ಟೆವು, ಕಿರಣದ ತಾಕತ್ತು 120 ಕೆವಿ, ನಾಯ್ಸ್ ಇಂಡೆಕ್ಸ್ 15. ತೀರಾ ತೆಳ್ಳಗಿನವರಿಗೆ 100 ಕೆವಿ. ಹಾಗೆಯೇ ಚೀಟಿಯಲ್ಲಿ ಜ್ವರ, ಬಲಗಡೆ ಕೆಳಹೊಟ್ಟೆ ನೋವು ಅಂತಿದ್ದರೆ, ಅಥವಾ ವಯಸ್ಸಾದವರಿಗೆ ಇದೇ ಮೊದಲ ಸಲ ಇಂಥ ನೋವು ಬಂದಿದ್ದರೆ, ಸ್ಕ್ಯಾನ್‌ಗೆ ಮೊದಲೇ ಮೇಡಂಗೆ ಫೋನ್. ಅಪೆಂಡಿಕ್ಸ್ ಇರಬಹುದು, ದೊಡ್ಡ ರಕ್ತನಾಳ ಉಬ್ಬಿರಬಹುದು. ಅಲ್ಲಿ ಡೋಸ್ ಉಳಿಸಲು ಹೋಗಿ ಕಾಯಿಲೆ ಬಿಟ್ಟರೆ ಯಾರಿಗೆ ಲಾಭ?

ಪ್ಲೇನ್ ಜೊತೆ ಕಾಂಟ್ರಾಸ್ಟ್ (ರಕ್ತನಾಳಕ್ಕೆ ಔಷಧ ಚುಚ್ಚಿ ತೆಗೆಯುವ ಸ್ಕ್ಯಾನ್) ಕೂಡ ಅಂತ ಬರೆದು ಕಳಿಸುವ ಅಭ್ಯಾಸ ಕೆಲವು ಡಾಕ್ಟರರಿಗಿದೆ. ಒಂದೊಂದು ಸುತ್ತಿಗೂ ಡೋಸ್ ಮತ್ತೆ ಮೊದಲಿನಷ್ಟೇ. ಮೇಲಾಗಿ ಔಷಧ ಮೂತ್ರಕ್ಕೆ ಇಳಿದು ಬೆಳ್ಳಗಾದರೆ ಬೆಳ್ಳನೆಯ ಕಲ್ಲು ಅದರಲ್ಲೇ ಮುಳುಗಿಹೋಗುತ್ತದೆ. ಮೇಡಂ ಒಬ್ಬೊಬ್ಬರಿಗೂ ಫೋನ್ ಮಾಡಿ ಮಾತಾಡಿದರು. ಕೆಲವರು ತಕ್ಷಣ ಒಪ್ಪಿದರು, ಕೆಲವರು ಇನ್ನೂ ಬರೆಯುತ್ತಲೇ ಇದ್ದಾರೆ.

ಈ ಎಲ್ಲದಕ್ಕಿಂತ ದೊಡ್ಡ ಉಳಿತಾಯ ಮಾತ್ರ ಕನ್ಸೋಲ್ ಮೇಲೆ ಆಗಿದ್ದಲ್ಲ. ಲಾರಿ ಓಡಿಸುವ ಒಬ್ಬರು ಬಂದರು, ಮೂವತ್ತೈದರ ಒಳಗಿನ ವಯಸ್ಸು. ಪ್ಲಾಸ್ಟಿಕ್ ಕವರಿನ ತುಂಬ ಫಿಲ್ಮು, ಬೇರೆ ಬೇರೆ ಊರಿನವು, ಎಲ್ಲ ಸಿಟಿ. "ಕಲ್ಲು ಬಿತ್ತೋ ಇಲ್ಲೋ ನೋಡಾಕ ಬರದಾರ್ರಿ," ಎಂದು ಹೊಸ ಚೀಟಿ ಕೊಟ್ಟರು. ಹಳೇ ಸಿಡಿ ಹಾಕಿ ಸ್ಕೌಟ್ ಚಿತ್ರ ನೋಡಿದೆ. ಆರು ಮಿಲಿಮೀಟರ್ ಕಲ್ಲು ಸ್ಕೌಟ್‌ನಲ್ಲೇ ಚೆನ್ನಾಗಿ ಕಾಣುತ್ತಿತ್ತು. ಸ್ಕೌಟ್‌ನಲ್ಲಿ ಕಾಣುವ ಕಲ್ಲು ಸಾಮಾನ್ಯ ಎಕ್ಸ್‌ರೇಯಲ್ಲೂ ಕಾಣುತ್ತದೆ. ಎಕ್ಸ್‌ರೇಯಲ್ಲಿ ಅಡಗಿಕೊಳ್ಳುವುದು ಯೂರಿಕ್ ಆಸಿಡ್ ಕಲ್ಲು. ಮೇಡಂ ಆ ಡಾಕ್ಟರಿಗೆ ಫೋನ್ ಮಾಡಿದರು. ಎಕ್ಸ್‌ರೇ ಕೆಯುಬಿ, ಜೊತೆಗೆ ಕಿಡ್ನಿ ಊದಿದೆಯಾ ಅಂತ ನೋಡಲು ಅಲ್ಟ್ರಾಸೌಂಡ್. ಕಲ್ಲು ಇದ್ದಲ್ಲಿ ಇರಲಿಲ್ಲ, ಕಿಡ್ನಿಯ ಊತ ಇಳಿದಿತ್ತು. ಸಿಟಿ ಬೇಕಾಗಲೇ ಇಲ್ಲ. "ಮತ್ತ ಇದಕ್ಕ ರೊಕ್ಕಾನೂ ಕಮ್ಮಿ ಐತಲ್ರಿ, ಮೊದಲ ಯಾಕ ಹೇಳಲಿಲ್ಲ ಯಾರೂ?" ಎಂದು ಅವರು ಕೇಳಿದರು. ನಾನು ಸುಮ್ಮನೆ ಬಿಲ್ ಕೌಂಟರ್ ಕಡೆ ಕೈ ತೋರಿಸಿದೆ. ಈ ಮಾತು ಮಾಲೀಕರ ಕಿವಿಗೆ ಬಿದ್ದರೆ ಅವರಿಗೆ ಖುಷಿ ಆಗುವಂಥದ್ದಲ್ಲ, ಬಿಡಿ.

ಅಮೆರಿಕದ 15 ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ 2,759 ಜನರ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಗಿತ್ತು. ಕಲ್ಲಿನ ಅನುಮಾನ ಇದ್ದವರಿಗೆ ಮೊದಲು ಅಲ್ಟ್ರಾಸೌಂಡ್ ಮಾಡಿ, ಬೇಕಾದವರಿಗೆ ಮಾತ್ರ ಸಿಟಿ ಮಾಡಿದರೆ ಒಟ್ಟು ರೇಡಿಯೇಶನ್ ಕಡಿಮೆಯಾಗುತ್ತದೆ, ತೊಂದರೆಗೆ ಸಿಕ್ಕವರ ಸಂಖ್ಯೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಎಂದು ಅದು ಕಂಡುಕೊಂಡಿತು. ಮೇಡಂ ಫೋನಿನಲ್ಲಿ ವಾದಕ್ಕೆ ಬಿದ್ದಾಗಲೆಲ್ಲ ಇದನ್ನೇ ಮುಂದಿಡುತ್ತಾರೆ. ಗರ್ಭಿಣಿಯರಿಗೆ, ಮಕ್ಕಳಿಗೆ ಹೇಗೂ ಮೊದಲು ಅಲ್ಟ್ರಾಸೌಂಡೇ.

ಜನ ಕೇಳುವುದು ಒಂದೇ ಪ್ರಶ್ನೆ, ಕ್ಯಾನ್ಸರ್ ಬರುತ್ತಾ ಅಂತ. 10 ಮಿಲಿಸೀವರ್ಟಿನ ಒಂದು ಸಿಟಿಯಿಂದ ಎರಡು ಸಾವಿರ ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಪ್ರಾಣಕ್ಕೆ ಕುತ್ತಾಗುವ ಕ್ಯಾನ್ಸರ್ ಬರಬಹುದು ಅನ್ನುವುದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕೊಡುವ ಅಂದಾಜು. ಜಾಸ್ತಿ ಡೋಸಿನಲ್ಲಿ ಕಂಡದ್ದನ್ನು ಕಡಿಮೆ ಡೋಸಿಗೆ ಎಳೆದು ಮಾಡಿದ ಲೆಕ್ಕ ಅದು. ಒಬ್ಬರಿಗೆ ಒಂದು ಸಲ ಅಂದರೆ ನಾನೇ ಧೈರ್ಯ ಹೇಳಿ ಟೇಬಲ್ ಹತ್ತಿಸುತ್ತೇನೆ. ಆದರೆ ಕಲ್ಲಿನ ಕಾಯಿಲೆ ಒಂದು ಸಲಕ್ಕೆ ಮುಗಿಯುವುದಲ್ಲ, ಬಹಳ ಜನರಿಗೆ ಮತ್ತೆ ಮತ್ತೆ ಆಗುತ್ತದೆ, ಅದೂ ಚಿಕ್ಕ ವಯಸ್ಸಿನಿಂದಲೇ. ಆ ಕವರಿನ ಫಿಲ್ಮುಗಳನ್ನೆಲ್ಲ ಕೂಡಿಸಿ ನೋಡಿ.

ಇನ್ನು ಕೆಲವರು ಸೀಸದ ಏಪ್ರನ್ ಹೊದಿಸಿ ಅನ್ನುತ್ತಾರೆ. ಮಗನನ್ನು ಕರೆತಂದಿದ್ದ ಒಬ್ಬ ತಾಯಿ, "ಮದುವಿ ಆಗೋ ಹುಡುಗ ರೀ ಅಣ್ಣಾರ, ಏನಾರ ಮುಚ್ರಿ" ಎಂದು ಪಟ್ಟು ಹಿಡಿದರು. ಅವರ ಆತಂಕ ಅರ್ಥ ಆಗುತ್ತದೆ. ಆದರೆ ಸ್ಕ್ಯಾನ್ ಆಗುವ ಜಾಗದಲ್ಲೇ ಸೀಸ ಇಟ್ಟರೆ ಯಂತ್ರ ಅದನ್ನು ದಾಟಲು ಡೋಸ್ ಏರಿಸಬಹುದು, ಚಿತ್ರವೂ ಹಾಳು. ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘ 2019ರಲ್ಲೇ, ಹೀಗೆ ಮುಚ್ಚುವ ರೂಢಿಯನ್ನು ಬಿಡಿ ಎಂದು ಹೇಳಿದೆ. ಕಡಿಮೆ ಡೋಸಿನಲ್ಲಿ ತೆಗೆಯುತ್ತೇವೆ ಅಮ್ಮಾ ಅಂತ ಮೊದಲಿನ ಮತ್ತು ಈಗಿನ ಡೋಸ್ ಪುಟ ಎರಡನ್ನೂ ತೋರಿಸಿದೆ. ಸಂಖ್ಯೆ ಚಿಕ್ಕದಾದದ್ದು ಅವರಿಗೆ ತಕ್ಷಣ ತಿಳಿಯಿತು.

ರಾತ್ರಿ ಪಾಳಿಯ ಹುಡುಗರು ಅವಸರದಲ್ಲಿ ಹಳೆಯ ಕೆಯುಬಿಯನ್ನೇ ಒತ್ತುತ್ತಿದ್ದರು. ಪಟ್ಟಿಯಲ್ಲಿ ಅದೇ ಮೇಲಿತ್ತು. ಬೈದು ಪ್ರಯೋಜನ ಇಲ್ಲ ಅಂತ ಹಳೆಯದನ್ನು ಅಳಿಸಿಯೇ ಹಾಕಿದೆವು. ಈಗ ಪಟ್ಟಿಯಲ್ಲಿ ಕಲ್ಲಿಗೆ ಇರುವುದು ಮೂರೇ: ತೆಳ್ಳಗೆ, ಸಾಧಾರಣ, ದಪ್ಪ. ರಿಪೋರ್ಟಿನ ಕೆಳಗೆ ಡಿಎಲ್‌ಪಿಯನ್ನೂ ಬರೆಯುತ್ತೇವೆ. ಮೊನ್ನೆ ಮೊನ್ನೆ ಸರ್ವಿಸ್‌ಗೆ ಬಂದ ಇಂಜಿನಿಯರ್ ಸಾಫ್ಟ್‌ವೇರ್ ಹೊಸದಾಗಿ ಹಾಕಿಹೋದರು. ಬೆಳಿಗ್ಗೆ ಬಂದು ನೋಡಿದರೆ ಪ್ರೊಟೊಕಾಲ್ ಎಲ್ಲ ಕಂಪನಿಯ ಮೊದಲಿನ ಸೆಟ್ಟಿಂಗಿಗೆ ಮರಳಿದ್ದವು, ನಾಯ್ಸ್ ಇಂಡೆಕ್ಸ್ ಮತ್ತೆ 12. ಸಂಖ್ಯೆಗಳನ್ನೆಲ್ಲ ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದರಿಂದ ಮಧ್ಯಾಹ್ನದೊಳಗೆ ಸರಿ ಮಾಡಿದೆವು. ಮುಂದಿನ ಸಲ ಇಂಜಿನಿಯರ್ ಬಂದಾಗ ಬ್ಯಾಕಪ್ ತೆಗೆಯದೆ ಏನೂ ಮುಟ್ಟಬಾರದು ಅಂತ ಕನ್ಸೋಲ್ ಮೇಲೆ ಚೀಟಿ ಅಂಟಿಸಿದ್ದೇನೆ.